ಮೌನಮಾರ್ತಾಂಡ ಆಡಿದ ಮಾತು

ಮೌನಮಾರ್ತಾಂಡ ಅಭಿಮಾನಿಗಳ ಕೇಂದ್ರ ಸಂಘವು ಸಿನಿಮಾ ನೋಡುವ ವಿಷಯದಲ್ಲಿ ಎಂದೂ ಆತುರಪಟ್ಟಿಲ್ಲ. ಸಿನಿಮಾ ನೋಡಿ ಅದರ ಬಗ್ಗೆ ಮಾತಾಡುವುದು ಯಾರಿಗಾದರೂ ಬರುತ್ತದೆ. ನೋಡದೆ ಮಾತಾಡುವುದಕ್ಕೆ ಸಂಘಟನೆ ಬೇಕು. ಆ ಸಂಘಟನೆಯ ಕಾರ್ಯದರ್ಶಿ ನಾನು. ಹೊಟ್ಟೆಪಾಡಿಗೆ ನೀರು ಸರಬರಾಜು ಕಚೇರಿಯಲ್ಲಿ ಗುಮಾಸ್ತ. ನೀರು ಬಾರದಿರುವುದಕ್ಕೆ ಕಾರಣ ಬರೆದು ಬರೆದು ಕೈ ಪಳಗಿರುವುದರಿಂದ ಸಂಘದ ನಿಯಮಾವಳಿಯನ್ನೂ ನಾನೇ ಬರೆದಿದ್ದೇನೆ.

ಸಂಘದ ಕಚೇರಿ ಎಂದರೆ ಅಧ್ಯಕ್ಷರ ಕನ್ನಡಕದಂಗಡಿಯ ಹಿಂದಿನ ಕೋಣೆ. ಒಂದು ಮೂಲೆಯಲ್ಲಿ ಗಾಜು ಉಜ್ಜುವ ಯಂತ್ರ, ಇನ್ನೊಂದು ಮೂಲೆಯಲ್ಲಿ ಫ್ರೇಮುಗಳ ರಟ್ಟಿನ ಡಬ್ಬಗಳು, ಮಧ್ಯೆ ನಾವು. ಸಭೆ ನಡೆಯುವಾಗ ಗಿರಾಕಿ ಬಂದರೆ ಅಧ್ಯಕ್ಷರು ಎದ್ದುಹೋಗಿ ಅವರ ಕಣ್ಣು ನೋಡಿ ಬರುತ್ತಾರೆ. ಅಂಗಡಿಯ ಮುಂಭಾಗದಲ್ಲಿ ಅವರ ಹೆಂಡತಿ ಬಿಲ್ಲು ಬರೆಯುತ್ತಾ ಕೂತಿರುತ್ತಾರೆ. ನಾನು ಅವರನ್ನು ಅತ್ತಿಗೆ ಎನ್ನುತ್ತೇನೆ. ಅವರಿಗೂ ನಮಗೂ ನಡುವೆ ಒಂದು ಪರದೆ ಮಾತ್ರ ಇದೆ. ಹಾಗಾಗಿ ಸಂಘದ ಗೋಪ್ಯ ಕಲಾಪಗಳೆಲ್ಲ ಅವರಿಗೆ ಬಾಯಿಪಾಠ. ಶಾಖೆಗಳೇ ಇಲ್ಲದ ಮೇಲೆ ಕೇಂದ್ರ ಸಂಘ ಹೇಗಾಯಿತು ಎಂದು ಕೆಲವರು ಕೇಳುತ್ತಾರೆ. ಕೇಂದ್ರ ಗಟ್ಟಿಯಾದ ಮೇಲೆ ಶಾಖೆಗಳ ವಿಚಾರ ನೋಡೋಣ ಎಂದು ಅಂಥವರಿಗೆ ಲಿಖಿತ ಉತ್ತರ ಕೊಟ್ಟಿದ್ದೇವೆ.

ಮೌನಮಾರ್ತಾಂಡ ಯಾರೆಂದು ತಿಳಿಯದವರೂ ಇರುತ್ತಾರೆ, ಪಾಪ. ಅವನು ನಾವೆಲ್ಲ ಚಿಕ್ಕಂದಿನಿಂದ ಓದಿದ ಕಾಮಿಕ್ಸ್ ಪುಸ್ತಕಗಳ ನಾಯಕ. ಬೂದುಬಣ್ಣದ ನಿಲುವಂಗಿ, ಅರ್ಧ ಮುಖಕ್ಕೆ ಮುಸುಕು. ಕಟ್ಟಡಕ್ಕೆ ಬೆಂಕಿ ಬೀಳಲಿ, ದೋಣಿ ಮುಳುಗಲಿ, ಬರುತ್ತಾನೆ, ಕಾಪಾಡುತ್ತಾನೆ, ಹೋಗುತ್ತಾನೆ. ಮಾತು ಮಾತ್ರ ಆಡುವುದಿಲ್ಲ. ಅವನ ತಲೆಯ ಮೇಲೆ ಮಾತಿನ ಗುಳ್ಳೆ ಇರುತ್ತದೆ, ಗುಳ್ಳೆಯ ಒಳಗೆ ಒಂದಕ್ಷರವೂ ಇರುವುದಿಲ್ಲ. ಆ ಖಾಲಿ ಗುಳ್ಳೆಯ ಮೇಲೆ ನಮ್ಮ ಸಂಘ ನಿಂತಿದೆ.

ಇಂಥ ಮೌನಮಾರ್ತಾಂಡನ ಮೇಲೆ ಸಿನಿಮಾ ಬಂತು. ಮೊದಲು ಟ್ರೇಲರ್ ಬಂತು. ಗಿರಾಕಿಯ ಕಣ್ಣು ನೋಡುತ್ತಿದ್ದ ಅಧ್ಯಕ್ಷರನ್ನು ಬಿಟ್ಟು ನಾವೆಲ್ಲ ನೋಡಿದೆವು. ಹತ್ತಿ ಉರಿಯುತ್ತಿರುವ ಗಿರಣಿ, ಒಳಗೆ ಸಿಕ್ಕಿಬಿದ್ದ ಮುದುಕಿ, ಹೊಗೆಯ ನಡುವಿನಿಂದ ನಡೆದುಬರುವ ಮೌನಮಾರ್ತಾಂಡ. ಬಂದವನು ಮುದುಕಿಯ ಮುಂದೆ ಮಂಡಿಯೂರಿ ಬಾಯಿ ತೆರೆದು ಹೇಳಿದ: "ಬಂದೆ."

ಅಂದೇ ತುರ್ತು ಸಭೆ ಸೇರಿತು.

"ಮಾತಾಡಿಬಿಟ್ಟ ಕಣ್ರೀ!" ಎಂದರು ಉಪಾಧ್ಯಕ್ಷರು. ವೃತ್ತಿಯಲ್ಲಿ ದರ್ಜಿ. ಕಾಮಿಕ್ಸ್‌ನ ಮೊಟ್ಟಮೊದಲ ಸಂಚಿಕೆ ಅವರ ಬಳಿ ಇರುವುದರಿಂದ ಎಲ್ಲರೂ ಅವರನ್ನು ಮೂಲಪ್ರತಿ ಎಂದೇ ಕರೆಯುತ್ತಾರೆ. ಅಳತೆ ಟೇಪು ಕೊರಳಲ್ಲೇ ಇತ್ತು, ಗಿರಾಕಿಯನ್ನು ಅರ್ಧ ಅಳೆದು ಓಡಿಬಂದಿದ್ದರು.

"ಒಂದೇ ಮಾತು ತಾನೆ, ಹೋಗ್ಲಿ ಬಿಡಿ," ಎಂದ ಬಸ್ ಕಂಡಕ್ಟರ್. ಚಿಲ್ಲರೆಯಿಂದ ಹಿಡಿದು ಸಾವಿನವರೆಗೆ ಎಲ್ಲದಕ್ಕೂ ಇದನ್ನೇ ಹೇಳುವುದರಿಂದ ಅವನ ಹೆಸರು ಹೋಗ್ಲಿಬಿಡಿ ಎಂದೇ ಆಗಿದೆ.

"ಒಂದೇ ಅಂತೆ! ಪ್ಯಾಂಟಲ್ಲಿ ಒಂದೇ ತೂತಿದೆ ಅಂದ್ರೆ ಹಾಕ್ಕೊಂಡು ಓಡಾಡ್ತೀಯಾ?"

"ತೂತೇ ಇಲ್ದಿದ್ರೆ ಕಾಲು ಎಲ್ಲಿ ಹಾಕೋದು ಸ್ವಾಮಿ?"

ಸಭೆಯ ಉಳಿದ ಅವಧಿ ಈ ಪ್ರಶ್ನೆಗೆ ವಿನಿಯೋಗವಾಯಿತು. ಕೊನೆಯಲ್ಲಿ ನಾನು ಎದ್ದು ನಿಂತು ನಿಯಮ ಓದಿದೆ: "ಸಿನಿಮಾ ನೋಡಲು ಯೋಗ್ಯವೆಂದು ಸಂಘವು ತೀರ್ಮಾನಿಸುವ ತನಕ ಯಾವ ಸದಸ್ಯನೂ ಅದನ್ನು ನೋಡತಕ್ಕದ್ದಲ್ಲ. ನೋಡದೆ ಇರುವ ಯಾವ ಸದಸ್ಯನೂ ಅದು ಯೋಗ್ಯವೆಂದು ಹೇಳತಕ್ಕದ್ದಲ್ಲ." ಇದರಲ್ಲಿ ತೊಡಕಿದೆ ಎಂದು ಹೋಗ್ಲಿಬಿಡಿ ಗೊಣಗಿದ. ನನಗೆ ತೊಡಕು ಕಾಣಲಿಲ್ಲ. ಯೋಗ್ಯ ಎನ್ನುವುದಕ್ಕೆ ತಾನೆ ನೋಡಬೇಕು? ಅಯೋಗ್ಯ ಎನ್ನುವುದಕ್ಕೆ ಯಾವ ಅಡ್ಡಿಯೂ ಇಲ್ಲ. ಅಧ್ಯಕ್ಷರು ಆ ತೀರ್ಮಾನವನ್ನೇ ಮತಕ್ಕೆ ಹಾಕಲು ಗಂಟಲು ಸರಿಮಾಡಿಕೊಳ್ಳುತ್ತಿದ್ದಾಗ ಪರದೆ ಸರಿಯಿತು.

"ರೀ," ಎಂದರು ಅತ್ತಿಗೆ. "ಆ ಮಾತು ಆಡಿರೋದು ನನ್ನ ತಮ್ಮ."

ಮೂಲಪ್ರತಿ ಕೊರಳಿನ ಅಳತೆ ಟೇಪು ತೆಗೆದು ಸುತ್ತಿ ಜೇಬಿಗೆ ಹಾಕಿಕೊಂಡರು.

ಅತ್ತಿಗೆಯ ತಮ್ಮನ ವಿಚಾರ ಇಲ್ಲಿ ಹೇಳಬೇಕು. ಅಪ್ಪ ಅಮ್ಮ ಹೋದ ಮೇಲೆ ಅವನು ಬೆಳೆದದ್ದು ಅಕ್ಕ ಭಾವನ ಮನೆಯಲ್ಲಿ. ಭಾವನ ತೊಡೆಯ ಮೇಲೆ ಕೂತೇ ಮೌನಮಾರ್ತಾಂಡನನ್ನು ಓದಿದವನು. ಭಾವ ಬೆರಳಿಟ್ಟು ಓದುತ್ತಾ ಖಾಲಿ ಗುಳ್ಳೆಗೆ ಬಂದು ಸುಮ್ಮನಾದರೆ, "ಏನಂದ ಭಾವ?" ಎಂದು ಕೇಳುತ್ತಿದ್ದನಂತೆ. "ಏನೂ ಅನ್ಲಿಲ್ಲ" ಎಂದರೆ ಅಳುತ್ತಿದ್ದನಂತೆ. ದೊಡ್ಡವನಾದ ಮೇಲೆ ದೂರದ ಒಂದು ಡಬ್ಬಿಂಗ್ ಸ್ಟುಡಿಯೋದಲ್ಲಿ ಕೆಲಸಕ್ಕೆ ಸೇರಿದ. ಅಲ್ಲಿ ಅವನ ಪಾಲಿಗೆ ಬಂದದ್ದು ಜನಜಂಗುಳಿಯ ಗದ್ದಲ, ಪಕ್ಕದ ಕೋಣೆಯ ಕೆಮ್ಮು, ನೀರಿಗೆ ಬಿದ್ದವರ ಗುಳುಗುಳು, ಗುಂಡು ತಿಂದು ಸಾಯುವವರ "ಆ!" ಮಾತು ಅನ್ನಿಸಿಕೊಳ್ಳುವ ಮಾತನ್ನು ಯಾರೂ ಕೊಟ್ಟಿರಲಿಲ್ಲ. ಈ ಸಿನಿಮಾದ ನಾಯಕನಟನಿಗೆ ಎದೆ ಇತ್ತು, ತೋಳಿತ್ತು, ದನಿ ಮಾತ್ರ ಕೀರಲು. ಹಾಗಾಗಿ ಆ ಒಂದು ಮಾತು ಅತ್ತಿಗೆಯ ತಮ್ಮನಿಗೆ ಸಿಕ್ಕಿತು. ಕೊನೆಯಲ್ಲಿ ಬರುವ ಹೆಸರುಗಳಲ್ಲಿ ಅವನ ಹೆಸರಿಲ್ಲ. ಇರುವುದು ಆ ಮಾತೊಂದೇ.

"ರಜೆ ಹಾಕಿ ಬರ್ತಿದಾನೆ," ಎಂದರು ಅತ್ತಿಗೆ. "ಭಾವನ ಪಕ್ಕ ಕೂತು ನೋಡ್ಬೇಕಂತೆ."

ಅಧ್ಯಕ್ಷರು ನನ್ನ ಮುಖ ನೋಡಿದರು. ನಾನು ನಿಯಮಾವಳಿ ನೋಡಿದೆ. ವಿವಾದಿತ ಸಿನಿಮಾಕ್ಕೆ ಸಂಬಂಧಪಟ್ಟ ಯಾವುದೇ ವ್ಯಕ್ತಿಯೊಡನೆ ಪದಾಧಿಕಾರಿಗಳು ಸಂಪರ್ಕ ಇಟ್ಟುಕೊಳ್ಳತಕ್ಕದ್ದಲ್ಲ ಎಂದಿತ್ತು. ಬರೆಯುವಾಗ ನನ್ನ ಮನಸ್ಸಿನಲ್ಲಿದ್ದದ್ದು ನಿರ್ಮಾಪಕರು, ನಿರ್ದೇಶಕರು. ಭಾವಮೈದುನರನ್ನು ಹೊರತುಪಡಿಸಿ ಎಂದು ಬರೆಯುವುದು ನನಗೆ ಹೊಳೆದಿರಲಿಲ್ಲ.

ಕೆಲವು ದಿನಗಳ ನಂತರ ಅಧ್ಯಕ್ಷರ ಸಹಿಗಾಗಿ ಅವರ ಮನೆಗೆ ಹೋದೆ. ಊಟದ ಹೊತ್ತು. ಮೇಜಿನ ಒಂದು ತುದಿಯಲ್ಲಿ ಅಧ್ಯಕ್ಷರು, ಇನ್ನೊಂದು ತುದಿಯಲ್ಲಿ ಬಂದಿಳಿದ ಭಾವಮೈದುನ. ತೆಳ್ಳಗಿನ ಮನುಷ್ಯ, ದನಿ ಮಾತ್ರ ತುಂಬಿದ ಕೊಡ.

"ಭಾವ, ಸ್ವಲ್ಪ ಉಪ್ಪು ಕೊಡ್ತೀರಾ?" ಎಂದ.

ಅಧ್ಯಕ್ಷರು ಉಪ್ಪಿನ ಬಟ್ಟಲಿಗೆ ಕೈ ಹಾಕಿ ನನ್ನ ಕಡೆ ತಿರುಗಿದರು. "ಉಪ್ಪು ಕೊಡೋದು ಸಂಪರ್ಕ ಆಗುತ್ತೇನ್ರೀ?"

"ಕೊಡಬಹುದು ಸಾರ್. 'ತಗೋ' ಅನ್ನೋ ಹಾಗಿಲ್ಲ."

ಅಧ್ಯಕ್ಷರು ಬಟ್ಟಲನ್ನು ಮೌನವಾಗಿ ತಳ್ಳಿದರು. ಅದು ಮೇಜಿನ ಮಧ್ಯದವರೆಗೆ ಹೋಗಿ ನಿಂತಿತು. ಅತ್ತಿಗೆ ಅದನ್ನು ಎತ್ತಿ ತಮ್ಮನ ಮುಂದೆ ಕುಕ್ಕಿದ ಸದ್ದಿಗೆ ನನ್ನ ಪೆನ್ನು ಕೆಳಗೆ ಬಿತ್ತು.

"ನಿಮ್ಮ ಸಂಘಕ್ಕೆ ಇಷ್ಟ ಆಗ್ಲೇಬೇಕು ಅಂತೇನಿಲ್ಲ ಭಾವ," ಎಂದ ಅವನು ತಟ್ಟೆಯನ್ನೇ ನೋಡುತ್ತಾ. "ಬೈದ್ರೆ ಬೈಯಿರಿ. ನೀವು ಬಂದು ಒಂದ್ಸಲ ಕೇಳಿಸ್ಕೊಂಡ್ರೆ ಸಾಕು. ಜನ ಬರ್ತಿಲ್ಲ ಅಂತ ಈ ವಾರ ತೆಗೆದ್ರೂ ತೆಗೀಬಹುದು."

ಅಧ್ಯಕ್ಷರು ಎತ್ತಿದ ತುತ್ತನ್ನು ತಟ್ಟೆಗೇ ಹಾಕಿದರು. ಅವರು ಕೆಟ್ಟವರಲ್ಲ. ಸಂಘ ಕಟ್ಟಿದವರು, ಅಷ್ಟೆ. ನೀರು ಕುಡಿದು, "ಕಾರ್ಯದರ್ಶಿಗಳೇ, ಏನಾದ್ರೂ ದಾರಿ ಇದ್ಯಾ ನೋಡಿ," ಎಂದರು.

ದಾರಿ ಹುಡುಕುವುದು ನನ್ನ ಕೆಲಸ. ನಮ್ಮ ಕಚೇರಿಯಲ್ಲಿ ನೀರಿಲ್ಲದ ನಲ್ಲಿಗಳನ್ನೂ ಚಾಲ್ತಿಯಲ್ಲಿವೆ ಎಂದು ತೋರಿಸುವ ದಾರಿ ಇದೆ. ಸಿನಿಮಾಕ್ಕೆ ಸಂಘದ ಆಕ್ಷೇಪವಿಲ್ಲ, ಆಕ್ಷೇಪ ಇರುವುದು ಆ ಮಾತಿಗೆ. ಮಾತು ತೆಗೆದರೆ ಸಿನಿಮಾ ನಿರ್ದೋಷಿ. ಈ ಸರಳ ಸತ್ಯವನ್ನು ಹಿಡಿದುಕೊಂಡು ನಾನೂ ಮೂಲಪ್ರತಿಯವರೂ ಚಿತ್ರಮಂದಿರದ ಮ್ಯಾನೇಜರರನ್ನು ಕಂಡೆವು. ಅವರು ಖಾಲಿ ಟಿಕೆಟ್ ಕಿಟಕಿಯ ಹಿಂದೆ ಉಗುರು ಕತ್ತರಿಸಿಕೊಳ್ಳುತ್ತಿದ್ದರು.

"ಎಷ್ಟು ಜನ ಬರ್ತೀರಿ?" ಎಂದು ಕೇಳಿದರು.

"ಇಡೀ ಕೇಂದ್ರ ಸಂಘ."

"ಹಾಗಾದ್ರೆ ಯಾವ ಮಾತು ಬೇಕಾದ್ರೂ ತೆಗೀತೀನಿ. ಹಾಡೂ ತೆಗೀಲಾ?"

"ಅಷ್ಟು ಬೇಡ," ಎಂದರು ಮೂಲಪ್ರತಿ. "ನಾವೇನು ಕಟುಕರಲ್ಲ."

ಆ ಕ್ಷಣ ಬಂದಾಗ ಮೇಲಿನ ಆಪರೇಟರು ಸದ್ದನ್ನು ಪೂರ್ತಿ ಇಳಿಸಿ, ನಾಯಕ ಬಾಯಿ ಮುಚ್ಚಿದ ಮೇಲೆ ಏರಿಸುವುದೆಂದು ಒಪ್ಪಂದವಾಯಿತು. ಚಿತ್ರಮಂದಿರದ ಬಾಗಿಲಿಗೆ ನನ್ನ ಕೈಬರಹದ ಪ್ರಕಟಣೆ ಅಂಟಿತು:

"ಮೌನಮಾರ್ತಾಂಡನು ಈ ಚಿತ್ರಮಂದಿರದಲ್ಲಿ ಮಾತಾಡುವುದಿಲ್ಲ ಎಂದು ಸಂಬಂಧಪಟ್ಟ ಎಲ್ಲರಿಗೂ ತಿಳಿಸಲಾಗಿದೆ. ಪ್ರೇಕ್ಷಕರಿಗೆ ಏನೂ ಕೇಳಿಸದಿದ್ದರೆ ಗಾಬರಿಯಾಗತಕ್ಕದ್ದಲ್ಲ. ಸಂಘದ ಸದಸ್ಯರು ಸಿನಿಮಾವನ್ನು ಒಂದು ಸಲ ಮಾತ್ರ ನೋಡತಕ್ಕದ್ದು. ಎರಡನೆಯ ಸಲ ನೋಡಿದರೆ ಮೆಚ್ಚಿಕೊಂಡಂತೆ ಎಂದು ಪರಿಗಣಿಸಿ ಸದಸ್ಯತ್ವ ರದ್ದುಪಡಿಸಲಾಗುವುದು."

ಇಷ್ಟು ಚೆನ್ನಾಗಿ ಬಗೆಹರಿದ ವಿಷಯವನ್ನು ಅಧ್ಯಕ್ಷರು ಸಂತೋಷದಿಂದ ಅಂಗಡಿಗೆ ಬಂದು ಹೆಂಡತಿಗೆ ಹೇಳಿದರು. "ನೋಡು, ನಿನ್ನ ತಮ್ಮನ ಸಿನಿಮಾ ನೋಡೋಕೆ ಹೋಗ್ತಿದೀನಿ. ಆ ಮಾತು ಒಂದಿರಲ್ಲ, ಅಷ್ಟೆ."

"ಮಗೂನ ಹೊರಗೆ ಕಳಿಸಿ ಬರೀ ತೊಟ್ಟಿಲು ನೋಡ್ಕೊಂಡು ಬರ್ತೀರಾ?" ಎಂದರು ಅತ್ತಿಗೆ. "ಆ ಸಿನಿಮಾದಲ್ಲಿ ಅವನಿರೋದೇ ಅಷ್ಟು."

ಅಧ್ಯಕ್ಷರು ಯಾರದೋ ಕನ್ನಡಕ ಎತ್ತಿಕೊಂಡು ಒರೆಸಿದರು. ಅದು ಆಗಲೇ ಒರೆಸಿಟ್ಟದ್ದಾಗಿತ್ತು.

ಮಧ್ಯಾಹ್ನದ ಆಟಕ್ಕೆ ಸಂಘ ಸಾಲಾಗಿ ಹೋಯಿತು. ಊರಲ್ಲಿ ಸುದ್ದಿ ಹಬ್ಬಿ, ಮಾತು ಕೇಳಿಸದಿರುವುದನ್ನು ಕೇಳಲು ಬೇರೆ ಜನವೂ ಬಂದಿದ್ದರು. ಆಪರೇಟರ ಮೇಲೆ ನಂಬಿಕೆಯಿಲ್ಲದ ಮೂಲಪ್ರತಿ, ಕೋಟಿನ ಭುಜಕ್ಕೆ ತುಂಬುವ ಹತ್ತಿಯನ್ನು ತಮ್ಮ ಅಂಗಡಿಯಿಂದ ತಂದಿದ್ದರು. ಸಾಮಾನ್ಯ ಸದಸ್ಯರು ಅಕಸ್ಮಾತ್ ಕೇಳಿಸಿಕೊಂಡರೆ ಕ್ಷಮಿಸಬಹುದು, ಉನ್ನತ ಹುದ್ದೆಯಲ್ಲಿರುವವರು ಕೇಳಿಸಿಕೊಳ್ಳಬಾರದು ಎಂಬುದು ಅವರ ನಿಲುವು. ತಾವೂ ಎರಡು ಕಿವಿಗೆ ತುಂಬಿಕೊಂಡು ಅಧ್ಯಕ್ಷರಿಗೂ ತುಂಬಿದರು. ನಾನು ನಡಾವಳಿ ಬರೆಯಬೇಕಾದ್ದರಿಂದ ನನಗೆ ವಿನಾಯಿತಿ ಸಿಕ್ಕಿತು. ಅತ್ತಿಗೆಯೂ ಅವರ ತಮ್ಮನೂ ನಮಗಿಂತ ಮುಂದಿನ ಸಾಲಿನಲ್ಲಿ ಕೂತಿದ್ದರು. ಭಾವನ ಪಕ್ಕ ಕೂರಲು ಅವನಿಗೆ ಅನುಮತಿ ಇರಲಿಲ್ಲ.

ಗಿರಣಿಗೆ ಬೆಂಕಿ ಬಿತ್ತು. ಮುದುಕಿ ಕೂಗಿದಳು. ಹೊಗೆಯಿಂದ ಮೌನಮಾರ್ತಾಂಡ ಬಂದು ಮಂಡಿಯೂರಿದ. ಆಪರೇಟರು ಮಾತಿಗೆ ತಪ್ಪಲಿಲ್ಲ. ಬೆಂಕಿಯ ಸದ್ದು, ಸಂಗೀತ, ಎಲ್ಲವೂ ಒಮ್ಮೆಲೇ ಹೋಯಿತು. ಅಷ್ಟು ದೊಡ್ಡ ಪರದೆಯ ಮೇಲೆ ಅಷ್ಟು ದೊಡ್ಡ ಬಾಯಿ ತೆರೆಯಿತು. ಮುದುಕಿ ಅವನ ಬಾಯನ್ನೇ ನೋಡುತ್ತಿದ್ದಳು.

ಆಗ ಮುಂದಿನ ಸಾಲಿನಿಂದ ಅತ್ತಿಗೆಯ ತಮ್ಮ ಕೂತಲ್ಲಿಂದಲೇ ಹೇಳಿದ: "ಬಂದೆ."

ಜೋರಾಗಿಯೇನೂ ಹೇಳಲಿಲ್ಲ. ಆದರೆ ಆ ನಿಶ್ಶಬ್ದದಲ್ಲಿ ಅದು ಗೋಡೆಯಿಂದ ಗೋಡೆಗೆ ಹೋಗಿ ಬಂತು. ನನ್ನ ತೋಳಿನ ಕೂದಲು ನಿಂತಿತು. ಇದು ನನ್ನ ವೈಯಕ್ತಿಕ ಅನುಭವ, ನಡಾವಳಿಯಲ್ಲಿ ಸೇರಿಸಿಲ್ಲ. ಪರದೆಯ ಮೇಲೆ ಮುದುಕಿ ಅತ್ತಳು, ಸಭಾಂಗಣದಲ್ಲಿ ಹೋಗ್ಲಿಬಿಡಿ ಅತ್ತ, ಜನ ಎದ್ದು ಚಪ್ಪಾಳೆ ಹೊಡೆದರು. ಅಧ್ಯಕ್ಷರೂ ಮೂಲಪ್ರತಿಯವರೂ ಮಾತ್ರ ಬೆಂಕಿ ಆರಿತೇನೋ ಎಂದುಕೊಂಡು ಸುತ್ತ ನೋಡಿದರು.

ಮಧ್ಯಂತರದಲ್ಲಿ ಪಾಪ್‌ಕಾರ್ನ್ ಯಂತ್ರದ ಪಕ್ಕ ತುರ್ತು ಸಭೆ ಸೇರಿತು.

"ಮಾತು ಬಂತಂತೆ!" ಎಂದು ಮೂಲಪ್ರತಿ ಹತ್ತಿ ಕೀಳುತ್ತಾ ಕೂಗಿದರು.

"ನೀವು ಕೇಳಿದ್ರಾ?" ಎಂದೆ.

"ನಾನು ಕೇಳ್ಲಿಲ್ಲ."

"ಹಾಗಾದ್ರೆ ಕೇಳದೇ ಇರೋದರ ಬಗ್ಗೆ ಆಕ್ಷೇಪ ಹೇಗೆ ಎತ್ತೀರಿ? ನಾವು ನೋಡದೇ ಇರೋದರ ಬಗ್ಗೆ ಮಾತಾಡಬಹುದು. ಕೇಳದೇ ಇರೋದರ ಬಗ್ಗೆ ಮಾತಾಡೋಕೆ ನಿಯಮ ಇಲ್ಲ."

"ಅದೂ ಅಲ್ದೆ," ಎಂದು ಹೋಗ್ಲಿಬಿಡಿ ಮೂಗು ಒರೆಸಿಕೊಂಡ, "ಮಾತಾಡಿದ್ದು ಸಿನಿಮಾ ಅಲ್ಲ, ಸೀಟು."

ಅವನ ಬಾಯಿಂದ ಬಂದ ಏಕೈಕ ತೂಕದ ಮಾತು ಇದು. ಪ್ರೇಕ್ಷಕರ ಕೆಮ್ಮು, ಮಗುವಿನ ಅಳು, ಫೋನಿನ ಗಂಟೆ, ಇವು ಹೇಗೆ ಸಿನಿಮಾದ ದೋಷವಲ್ಲವೋ ಹಾಗೆಯೇ ಮುಂದಿನ ಸಾಲಿನಿಂದ ಬಂದ "ಬಂದೆ" ಕೂಡ ಸಿನಿಮಾದ ಭಾಗವಲ್ಲ, ಆದ್ದರಿಂದ ಮೌನಮಾರ್ತಾಂಡನ ಮೌನ ಅಬಾಧಿತವಾಗಿದೆ ಎಂದು ಠರಾವು ಪಾಸಾಯಿತು. ಜನ ಕೈ ತಟ್ಟಿದ್ದನ್ನು ಕಂಡ ಮ್ಯಾನೇಜರು, ಇನ್ನು ಪ್ರತಿದಿನ ಹೀಗೇ ನಡೆಯಲಿ, ಆ ಸೀಟು ಇವರಿಗೇ ಕಾಯಂ ಎಂದುಬಿಟ್ಟರು.

ಅಷ್ಟರಲ್ಲಿ ಅತ್ತಿಗೆಯ ತಮ್ಮ ಜನರ ನಡುವೆ ನುಗ್ಗಿಕೊಂಡು ಬಂದ. ಮುಖ ಬೆವೆತಿತ್ತು. "ಭಾವ, ಕೇಳಿಸ್ತಾ?"

ಅಧ್ಯಕ್ಷರು ಅಂಗೈ ಬಿಡಿಸಿ ತೋರಿಸಿದರು. ಎರಡು ಹತ್ತಿಯುಂಡೆ ಇದ್ದವು. ಆಮೇಲೆ ನನ್ನ ಕಡೆ ತಿರುಗಿ ಮೆಲ್ಲನೆ, "ಏನಂದ?" ಎಂದರು.

"ನಾನು ಹೇಳಿದ್ರೆ ಅದು ಬರೀ ನಕಲು ಆಗುತ್ತೆ ಸಾರ್," ಎಂದೆ.

"ಹೋಗ್ಲಿ ಭಾವ, ನಾಳೆ ಬನ್ನಿ. ನಾಳೇನೂ ಹೇಳ್ತೀನಲ್ಲ," ಎಂದ ಅವನು, ನಗುತ್ತಲೇ. ಎರಡನೆಯ ಸಲ ನೋಡುವಂತಿಲ್ಲ ಎಂಬುದನ್ನು ನಾನು ನೆನಪಿಸಬೇಕಾಯಿತು. ಎಲ್ಲರೂ ಕೇಳಿದ್ದರು, ಯಾರು ಕೇಳಲೆಂದು ಅವನು ಅಷ್ಟು ದೂರದಿಂದ ಬಂದಿದ್ದನೋ ಅವರೊಬ್ಬರು ಕೇಳಿರಲಿಲ್ಲ. ನನಗೆ ನಿಜವಾಗಿ ಸಂಕಟವಾಯಿತು. ಆದರೆ ಪ್ರಕಟಣೆ ಬಾಗಿಲಿಗೆ ಅಂಟಿತ್ತು, ಅಂಟು ಬೇರೆ ಒಳ್ಳೆಯದು ಹಾಕಿದ್ದೆ.

ಮರುದಿನ ಅಧ್ಯಕ್ಷರು ನಮ್ಮ ಕಚೇರಿಗೇ ಬಂದರು. ಹಿಂದಿನ ದಿನದ ಆಟವೊಂದನ್ನು ಹೊರತುಪಡಿಸಿದರೆ, ಗಿರಾಕಿಗಳನ್ನು ಬಿಟ್ಟು ಅವರು ಹಗಲಲ್ಲಿ ಅಂಗಡಿ ಇಳಿದದ್ದನ್ನು ನಾನು ಕಂಡಿರಲಿಲ್ಲ.

"ನಿಯಮದಲ್ಲಿ ಏನಂತ ಇದೆ? ನೋಡಬಾರ್ದು ಅಂತ ತಾನೆ?"

"ಹೌದು ಸಾರ್."

"ಕೇಳಬಾರ್ದು ಅಂತ ಇದ್ಯಾ?"

ಹುಡುಕಿದೆ. ಇರಲಿಲ್ಲ.

ಚಿತ್ರಮಂದಿರದ ಹಿಂದೆ ಒಂದು ಓಣಿ ಇದೆ. ಮುರಿದ ಕುರ್ಚಿಗಳು, ಜನರೇಟರು, ಗೋಡೆಯ ಮೇಲ್ಭಾಗದಲ್ಲಿ ತಂತಿಬಲೆ ಹಾಕಿದ ಗವಾಕ್ಷಿಗಳು. ಅಧ್ಯಕ್ಷರು ಖಾಲಿ ಕ್ರೇಟಿನ ಮೇಲೆ ಹತ್ತಿ ಗವಾಕ್ಷಿಗೆ ಕಿವಿ ಕೊಟ್ಟರು. ಕ್ರೇಟು ಅಲುಗಾಡದಂತೆ ನಾನು ಹಿಡಿದುಕೊಂಡೆ, ಕಾರ್ಯದರ್ಶಿಯ ಕರ್ತವ್ಯಗಳಲ್ಲಿ ಇತರೆ ಎಂಬ ಬಾಬ್ತಿನಡಿ ಇದು ಬರುತ್ತದೆ. ಒಳಗೆ ಬೆಂಕಿ ಉರಿಯುವುದು ಕೇಳಿಸಿತು, ಮುದುಕಿ ಕೂಗುವುದು ಕೇಳಿಸಿತು. ಆಮೇಲೆ ಏನೂ ಇಲ್ಲ. ಆಮೇಲೆ, "ಬಂದೆ."

ಅಧ್ಯಕ್ಷರು ಇಳಿಯಲಿಲ್ಲ. ಕನ್ನಡಕ ತೆಗೆದು ಅಂಗಿಯ ಅಂಚಿನಲ್ಲಿ ಒರೆಸಿಕೊಂಡರು. ಹಾಗೆ ಒರೆಸುವ ಗಿರಾಕಿಗಳಿಗೆ ಅವರು ಬೈಯುವುದನ್ನು ನಾನು ಎಷ್ಟೋ ಸಲ ಕೇಳಿದ್ದೇನೆ. ನಂತರ ಗವಾಕ್ಷಿಗೆ ಬಾಯಿಟ್ಟು, ಓಣಿಯ ನಾಯಿ ಎದ್ದು ಓಡುವಷ್ಟು ಜೋರಾಗಿ ಕೂಗಿದರು: "ಕೇಳಿಸ್ತು ಕಣೋ!"

ಒಳಗೆ ಮತ್ತೆ ಚಪ್ಪಾಳೆ ಬಿತ್ತು. ಇದು ಸಂಪರ್ಕ ನಿಷೇಧದ ಉಲ್ಲಂಘನೆಯೇ ಎಂದು ನಾನು ಅಲ್ಲೇ ಪರಿಶೀಲಿಸಿದೆ. ಓಣಿಯಲ್ಲಿ ಯಾರೋ ಯಾರಿಗೋ ಕೂಗುವುದು ಬೀದಿಯ ಸದ್ದು, ಅದಕ್ಕೆ ಸಂಘ ಹೊಣೆಯಲ್ಲ ಎಂದು ತೀರ್ಪು ಕೊಟ್ಟೆ. ಅಧ್ಯಕ್ಷರು ನನ್ನ ಭುಜ ಹಿಡಿದು ಇಳಿದರು, ಬಹಳ ಹೊತ್ತು ಕೈ ತೆಗೆಯಲಿಲ್ಲ.

ಆ ಸಿನಿಮಾ ಈಗಲೂ ನಡೆಯುತ್ತಿದೆ. ಜನ ಬರುವುದು ಆ ಮಾತಿಗೆ ಮತ್ತು ಗವಾಕ್ಷಿಯಿಂದ ಬರುವ ಉತ್ತರಕ್ಕೆ. ಸದ್ದಿಲ್ಲದ ಪರದೆ, ಮುಂದಿನ ಸಾಲಿನ "ಬಂದೆ", ಮೇಲಿನಿಂದ "ಕೇಳಿಸ್ತು ಕಣೋ". ಬೇರೆ ಊರುಗಳ ಚಿತ್ರಮಂದಿರಗಳೂ ಇದೇ ಪದ್ಧತಿ ಕೈಗೊಂಡಿದ್ದು, ಅನುಭವವುಳ್ಳ ಭಾವಂದಿರನ್ನು ಒದಗಿಸಿಕೊಡಬೇಕೆಂದು ಸಂಘವನ್ನು ಕೋರಿವೆ. ಹಾಗಾಗಿ ನಮಗೆ ಶಾಖೆಗಳೂ ಆಗಿವೆ. ಅತ್ತಿಗೆಯ ತಮ್ಮ ಸ್ಟುಡಿಯೋದ ರಜೆ ಮುಂದುವರಿಸಿದ್ದಾನೆ. ಅಲ್ಲಿಂದ ಬರುವ ಸಿನಿಮಾಗಳಲ್ಲಿ ಜನ ಈಗ ಸದ್ದಿಲ್ಲದೆ ಸಾಯುತ್ತಿದ್ದಾರೆಂದು ಕೇಳಿದ್ದೇನೆ.

ಮೊನ್ನೆ ಅಧ್ಯಕ್ಷರಿಗೆ ಜ್ವರ ಬಂದು ಅವರ ಬದಲಿಗೆ ಹೋಗ್ಲಿಬಿಡಿ ಓಣಿಗೆ ಹೋಗಬೇಕಾಯಿತು. ಒಳಗಿನಿಂದ ಮಾತು ಬಂದ ಕೂಡಲೇ ಅವನು ಅಭ್ಯಾಸಬಲದಿಂದ "ಕೇಳಿಸ್ತು ಬಿಡಿ" ಎಂದುಬಿಟ್ಟ. ಅಷ್ಟೇ. ಮೂಲಪ್ರತಿಯವರು ಅಂದೇ ಕನ್ನಡಕದಂಗಡಿಯ ಹಿಂದಿನ ಕೋಣೆಗೆ ಸಭೆ ಕರೆದು ಮೇಜು ಗುದ್ದಿದರು.

"ಮೂಲದಲ್ಲಿ ಹಾಗಿಲ್ಲ! 'ಕಣೋ' ಅಂತಿದೆ! ಒಂದಕ್ಷರ ಆಚೀಚೆ ಆದ್ರೆ ನಾನು ಸುಮ್ನಿರಲ್ಲ!"

ಪರದೆಯ ಆಚೆಯಿಂದ ಅತ್ತಿಗೆ, "ಸರಿಯಾಗಿ ಹೇಳಿದ್ರಿ," ಎಂದರು. ಹೋಗ್ಲಿಬಿಡಿ ಲಿಖಿತ ಕ್ಷಮೆ ಕೇಳಿದ. ಮರುದಿನ ಜ್ವರ ಪೂರ್ತಿ ಬಿಡುವ ಮೊದಲೇ ಅಧ್ಯಕ್ಷರು ಶಾಲು ಹೊದ್ದು ಕ್ರೇಟು ಹತ್ತಿದರು. ಸಿನಿಮಾ ನೋಡಲು ಯೋಗ್ಯವೋ ಅಲ್ಲವೋ ಎಂಬ ಪ್ರಶ್ನೆ ಸಂಘದ ಮುಂದೆ ಇನ್ನೂ ಇತ್ಯರ್ಥಕ್ಕೆ ಬಾಕಿ ಇದೆ. ಮಧ್ಯಾಹ್ನದ ಆಟದ ಹೊತ್ತಿಗೆ ಕಣ್ಣು ಪರೀಕ್ಷೆಗೆಂದು ಅಂಗಡಿಗೆ ಬರುವವರು ಅಧ್ಯಕ್ಷರು ಕೇಳಿಸಿಕೊಂಡು ಬರುವ ತನಕ ಕಾಯತಕ್ಕದ್ದು. ಎಲ್ಲರೂ ಕಾಯುತ್ತಿದ್ದಾರೆ.